ಬಿಸಿಲಿಗೆ ಜರಿದ ಗುಡ್ಡ

ಗುಡ್ಡ ಜರಿಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ನಾನು ದಕ್ಷಿಣ ಕನ್ನಡದವನು. ಜೂನ್ ಬಂತೆಂದರೆ ಅರಬ್ ನಾಡಿನ ಜುಬೈಲಿನಲ್ಲಿರುವ ನಮ್ಮ ಕ್ಯಾಂಪಿನಲ್ಲಿ ಊರಿನವರೆಲ್ಲ ಎದ್ದ ಕೂಡಲೇ ಮೊಬೈಲಿನಲ್ಲಿ ಊರಿನ ಮಳೆ ನೋಡುತ್ತೇವೆ. ಹೊರಗೆ ಬೆಳಗ್ಗೆಯೇ ಬಿಸಿಲು ನೆತ್ತಿ ಸುಡುತ್ತಿರುತ್ತದೆ, ನಾವು ಮಾತ್ರ ಮಳೆಯ ಚಿಂತೆಯಲ್ಲಿರುತ್ತೇವೆ. ಜೋರು ಮಳೆಯಿದ್ದರೆ ಮನೆಗೆ ಫೋನು, ಇಲ್ಲದಿದ್ದರೆ ನೆಮ್ಮದಿಯಾಗಿ ಕೆಲಸಕ್ಕೆ ಹೊರಡುವುದು.

ನಮ್ಮ ಕಂಪೆನಿ ಬಸ್ಸಿನ ಡ್ರೈವರ್ ಪಾಕಿಸ್ತಾನದ ಉತ್ತರದ ತುದಿಯವನು. ಗಿಲ್ಗಿಟ್ ದಾಟಿ ಇನ್ನೂ ಮೇಲೆ ಹತ್ತಿದರೆ ಅವನ ಹಳ್ಳಿ. ಅವನ ಬಾಯಿಂದ ಮಾತು ಹೊರಡುವುದೇ ಕಷ್ಟ. ನಾನೋ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಅವನ ಪಾಲಿನದ್ದನ್ನೂ ಸೇರಿಸಿ ಮಾತಾಡುವವನು. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಗಿತ್ತು.

ಬೇಸಿಗೆಯಲ್ಲಿ ಇಲ್ಲಿ ನಡುಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಹೊತ್ತಿನಲ್ಲಿ ಕೆಲವರು ಬಸ್ಸಿನೊಳಗೆ ಏಸಿ ಹಾಕಿಸಿಕೊಂಡು ಕಾಲು ಚಾಚುತ್ತೇವೆ. ಜುಲೈಯ ಒಂದು ಮಧ್ಯಾಹ್ನ ಅವನು ಹೆಂಡತಿಯ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಏನೆಂದು ವಿಚಾರಿಸಿದೆ. ಮನೆಯ ಹಿಂದಿನ ಇಳಿಜಾರಿನಲ್ಲಿ ಎಂದೂ ಇಲ್ಲದ ಕಡೆ ನೀರು ಒಸರುತ್ತಿದೆಯಂತೆ, ಜರ್ದಾಳು ಹಣ್ಣಿನ ಮರವೊಂದು ಮನೆಯತ್ತ ವಾಲಿದೆಯಂತೆ.

ನಾನು ತಕ್ಷಣ ನನ್ನ ಮೊಬೈಲು ತೆಗೆದೆ. ಕರಾವಳಿಯವನಿಗೆ ಬೇರೇನು ಹೊಳೆಯುತ್ತದೆ? "ಭಾಯ್, ನಿಮ್ಮ ಕಡೆ ಒಂದು ಹನಿ ಮಳೆಯಿಲ್ಲ. ಈ ವಾರವಿಡೀ ಇಲ್ಲ. ಆರಾಮಾಗಿರು" ಎಂದೆ, ಮಳೆಯನ್ನು ನಾನೇ ನಿಲ್ಲಿಸಿದವನ ಹಾಗೆ.

"ಮಳೆ ಬೇಡ ಭಾಯ್, ಬಿಸಿಲು ಎಷ್ಟಿದೆ ನೋಡು" ಎಂದ.

ನೋಡಿದೆ. ಮೋಡದ ಸುಳಿವೇ ಇರಲಿಲ್ಲ. ಆಗ ಅವನು ತನ್ನ ಲೆಕ್ಕದಲ್ಲಿ ದೊಡ್ಡ ಭಾಷಣವನ್ನೇ ಮಾಡಿದ. ಅವರ ಮೇಲಿನ ಬೆಟ್ಟಗಳ ಒಳಗೆ, ಕಲ್ಲು ಮಣ್ಣಿನ ಸಂದಿಯಲ್ಲೆಲ್ಲ, ಅಜ್ಜ ಮುತ್ತಜ್ಜಂದಿರ ಕಾಲಕ್ಕೂ ಹಿಂದಿನ ಹಿಮ ಗಟ್ಟಿಯಾಗಿ ಕೂತಿದೆ. ಬೆಟ್ಟವನ್ನು ಹಿಡಿದಿಟ್ಟಿರುವುದೇ ಅದು. ಹಿಂದೆ ಬೇಸಿಗೆಯಲ್ಲಿ ಮೇಲ್ಪದರ ಮಾತ್ರ ಸಡಿಲವಾಗುತ್ತಿತ್ತು. ಈಗಿನ ಸೆಕೆ ಒಳಕ್ಕೂ ಇಳಿದು, ಹಿಮ ಕರಗಿ, ಬೆಟ್ಟ ಕೆಸರಾಗಿ ಕೆಳಗೆ ಬರುತ್ತಿದೆ.

ರೂಮಿಗೆ ಬಂದು ಹೇಳಿದರೆ ಉಡುಪಿ ಕಡೆಯ ನನ್ನ ರೂಮ್‌ಮೇಟ್ ನಕ್ಕ. "ಎಂತ ಮಾರಾಯ, ಗುಡ್ಡೆ ಕರಗುದುಂಟಾ? ಐಸ್‌ಕ್ರೀಮಾ ಅದು?"

ಅವನೇ ಫ್ರೀಜರಿನಿಂದ ತೆಗೆದು ಸಿಂಕಿನಲ್ಲಿಟ್ಟ ಬಂಗುಡೆಯನ್ನು ತೋರಿಸಿದೆ. ಬೆಳಗ್ಗೆ ಕಲ್ಲಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದ ಮೀನುಗಳು ಈಗ ಬಿಡಿಬಿಡಿಯಾಗಿ ನೀರಲ್ಲಿ ಮಲಗಿದ್ದವು. ಅವನು ಮತ್ತೆ ನಗಲಿಲ್ಲ.

ಮರುದಿನ ವಿಷಯ ಇನ್ನೂ ಕೆಟ್ಟಿತ್ತು. ಹೊಳೆಯಾಚೆ ಗಟ್ಟಿ ಜಾಗದಲ್ಲಿ ಡ್ರೈವರನ ತಂಗಿಯ ಮನೆಯಿದೆ. ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗು ಎಂದರೆ ಹೆಂಡತಿ ಒಪ್ಪುತ್ತಿಲ್ಲ. ಹಸು ಕರು ಹಾಕಿದೆ, ಬಿಟ್ಟು ಬರಲಾರೆ ಎನ್ನುತ್ತಾಳೆ. ಇನ್ನೊಬ್ಬರ ಮನೆಗೆ ಹಸು ಸಮೇತ ಹೋಗಲು ನಾಚಿಕೆ. ಇವನು ಫೋನಿನಲ್ಲಿ ರೇಗಿದ್ದಾನೆ, ಅವಳು ಫೋನನ್ನೇ ಇಟ್ಟುಬಿಟ್ಟಿದ್ದಾಳೆ. ಬಸ್ಸು ಓಡಿಸುತ್ತಲೇ ಅವನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನನಗೆ ನಿಜಕ್ಕೂ ಭಯವಾಯಿತು.

ಈ ಜಗಳ ಮಾತ್ರ ನನಗೆ ಗೊತ್ತಿದ್ದದ್ದೇ. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡ ಬಿರುಕು ಬಿಟ್ಟಾಗ ನನ್ನವಳೂ ಜಪ್ಪಯ್ಯ ಅಂದರೂ ಕದಲಿರಲಿಲ್ಲ. ನಾನು ಇಲ್ಲಿಂದ ಫೋನಿನಲ್ಲಿ ಕಿರುಚಿ ಗಂಟಲು ಹರಿದುಕೊಂಡದ್ದಷ್ಟೇ ಬಂತು. ನನ್ನ ಅಣ್ಣ ಅವಳ ಹತ್ತಿರ ವಾದಕ್ಕೇ ಇಳಿಯಲಿಲ್ಲ. ಕೊಟ್ಟಿಗೆಯಿಂದ ಆಡುಗಳನ್ನು ಬಿಚ್ಚಿಕೊಂಡು ತನ್ನ ಮನೆಗೆ ಹೊರಟ. ಅವನನ್ನು ಬೈಯುತ್ತಾ ಬೈಯುತ್ತಾ ಇವಳೂ ಆಡುಗಳ ಹಿಂದೆ ಹೋದಳು.

"ಹೆಂಡತಿಯನ್ನು ಕರೆಯಬೇಡ. ಹಸು ಕರುವನ್ನು ಮೊದಲು ಹೊಳೆ ದಾಟಿಸು" ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದ. ತಮಾಷೆ ಎಂದುಕೊಂಡನೋ ಏನೋ. ಆದರೂ ಬಸ್ಸು ನಿಂತ ಕೂಡಲೇ ತಂಗಿಯ ಗಂಡನಿಗೆ ಫೋನು ಮಾಡಿದ.

ಆಮೇಲೆ ಅಲ್ಲಿ ನೆಟ್‌ವರ್ಕ್ ಹೋಯಿತು. ಅವನು ಎಂದಿನಂತೆ ಬಸ್ಸು ಓಡಿಸಿದ, ಒಂದು ಸಂಜೆ ನಮ್ಮ ಕ್ಯಾಂಪಿನ ಗೇಟನ್ನೇ ದಾಟಿ ಮುಂದೆ ಹೋದ. ಯಾರೂ ಕೂಗಲಿಲ್ಲ, ಅವನೇ ತಿರುಗಿಸಿಕೊಂಡು ಬಂದ. ಜುಬೈಲಿನ ಬಿಸಿಲನ್ನು ಬಂದಾಗಿನಿಂದ ಶಪಿಸಿದ್ದೇನೆ, ಆದರೆ ಸೂರ್ಯನನ್ನು ಕಂಡು ಹೆದರಿದ್ದು ಆ ದಿನಗಳಲ್ಲೇ ಮೊದಲು.

ಕೊನೆಗೊಂದು ಮಧ್ಯಾಹ್ನ ಮೆಸೇಜು ಬಂತು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಹಾಕಿದ. ಹೆಂಗಸಿನ ದನಿ, ಹಿಂದೆ ಕರುವಿನ ಕೂಗು. ಅವರ ಭಾಷೆ ನನಗೆ ಬಾರದು, ಅವನು ಬಿಡಿಸಿ ಹೇಳಿದ. ಹಸು ಆಚೆ ಹೋದ ಮೇಲೆ ಅವಳು ಮಗಳ ಜೊತೆ ಸಿಟ್ಟಿನಲ್ಲೇ ಹಾಲು ಕರೆಯಲು ಹೋಗಿಬರುತ್ತಿದ್ದಳಂತೆ. ಒಂದು ಸಂಜೆ ಕೆಚ್ಚಲಿಗೆ ಕೈ ಹಾಕಿದ್ದಳಷ್ಟೇ, ಈಚೆ, ಮನೆಯ ದಡದಲ್ಲಿ ಬೆಟ್ಟ ಇಳಿಯಿತು. ಆಕಾಶ ತಿಳಿಯಾಗಿತ್ತಂತೆ. ಸದ್ದಡಗಿದ ಮೇಲೆ ನೋಡಿದರೆ ಮನೆಯೂ ಇಲ್ಲ, ಜರ್ದಾಳು ಮರಗಳೂ ಇಲ್ಲ.

ಬಸ್ಸಿನಲ್ಲಿದ್ದವರೆಲ್ಲ ಅಲ್ಹಮ್ದುಲಿಲ್ಲಾ ಎಂದೆವು. ಅವನೂ ಅಂದ. ಆಮೇಲೆ ಮೊಬೈಲಿನ ಪರದೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತ. ಅಲ್ಲಿ ಆ ಮನೆಯದೇ ಫೋಟೊ ಇತ್ತು. ಇಲ್ಲಿ ಬಸ್ಸು ಓಡಿಸಿ ಕಟ್ಟಿಸಿದ್ದು, ನೀಲಿ ಬಾಗಿಲು. ರಜೆಯಲ್ಲಿ ಹೋದಾಗ ತಾನೇ ಬಳಿದ ಬಣ್ಣವಂತೆ.

"ಮುಂದಿನ ತಿಂಗಳು ನನ್ನ ರಜೆ ಭಾಯ್. ನಾನು ಯಾವ ಮನೆಗೆ ಹೋಗಲಿ?" ಎಂದು ಕೇಳಿದ.

ಮಾತಿನ ಮಲ್ಲ ನಾನು. ಎಲ್ಲರೂ ನನ್ನತ್ತ ನೋಡುತ್ತಿದ್ದರು.

"ಹಸು ಎಲ್ಲಿದೆಯೋ ಅಲ್ಲಿಗೆ" ಎಂದೆ.

ಅವನು ನಕ್ಕ, ನಗುತ್ತಲೇ ಅತ್ತ. ಆಮೇಲೆ ಕೆಲಸದ ಹೊತ್ತಾಯಿತೆಂದು ನಾವು ಬಿಸಿಲಿಗೆ ಇಳಿದೆವು.