ಗವಿಸಿದ್ದಪ್ಪನ ಬಿಗಿ ಕಟ್ಟು

ರಕ್ತ ಹರಿಯದ ಕಡೆ ಮಾಂಸದೊಳಗಿನ ಜೀವಕೋಶಗಳು ಉಸಿರುಗಟ್ಟಿ ಸಾಯುತ್ತವೆ, ಸತ್ತವು ಮತ್ತೆ ಬದುಕುವುದಿಲ್ಲ. ಇದು ನಿಮಗೆ ಗೊತ್ತಿರಬೇಕು. ಕುರುಗೋಡಿನಲ್ಲಿ ಮುರಿದ ಎಲುಬು ಕಟ್ಟುವ ಗವಿಸಿದ್ದಪ್ಪ ಮಾತ್ರ ನಂಬುವುದಿಲ್ಲ. ಯಾರ ಕೈ ಮುರಿದರೂ ಉಣ್ಣುವ ತಟ್ಟೆ ಬಿಟ್ಟು ಓಡುತ್ತಾನೆ, ಕಾಸು ಮುಟ್ಟುವುದಿಲ್ಲ. ಬಿದಿರ ದಬ್ಬೆಯಿಟ್ಟು ಅವನು ಹಗ್ಗ ಜಗ್ಗಿದನೆಂದರೆ ಬ್ರೂಸ್‌ಪೇಟೆಯ ಹಮಾಲರೂ ಹತ್ತಿಯ ಅಂಡಿಗೆ ಮೂಟೆಯನ್ನು ಅಷ್ಟು ಬಿಗಿಯಲಾರರು. ಬೆರಳು ಊದಿ ನೀಲಿಯಾದರೆ, "ಕೆಟ್ಟ ರಕ್ತ ಇಳಿಯಾಕ ಹತ್ತೈತಿ, ಸುಮ್ಕಿರ್ರಿ" ಎನ್ನುತ್ತಾನೆ. ಕೂಸು ಚೀರಿದರೆ ತಾನೂ ಕಣ್ಣೀರು ಹಾಕುತ್ತಾನೆ, ಚೀರಾಟ ನಿಂತರೆ, "ನೋವು ಹೋತು ನೋಡವ್ವಾ, ಕೈ ಗೆದ್ದಿತು!" ಎಂದು ತಾಯಿಯ ಮುಂದೆ ಕುಣಿಯುತ್ತಾನೆ. ನೋಯುವುದಕ್ಕೆ ಅಲ್ಲಿ ಜೀವವೇ ಉಳಿದಿಲ್ಲ, ಮಹಾರಾಯ! ಇಷ್ಟಾಗಿ, ದಿನವೂ ಹೆಂಡತಿ ಕೊಟ್ರಮ್ಮನ ಜಡೆ ಹೆಣೆಯುವವನು ಅವನೇ. ಅವನ ಕಟ್ಟಿನಲ್ಲೇ ಕಪ್ಪಾದ ಅವಳ ಬಲಗೈಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿದ್ದಾರೆ. "ಇನ್ನೊಂದು ಸುತ್ತು ಬಿಗಿದಿದ್ರ ಉಳೀತಿತ್ತು" ಎಂದು ಈಗಲೂ ಹಲುಬುತ್ತಾನೆ. "ಆ ಸುತ್ತು ನಿನ್ನ ಬಾಯಿಗೆ ಬಿಗೀಬೇಕಿತ್ತು ನೋಡು" ಎನ್ನುತ್ತಾಳೆ ಅವಳು. ನಿನ್ನೆ ಅವನು ಮೋಕ ಊರಿಗೆ ಹೋಗಿ ಎರ್ರಮ್ಮನ ಕೂಸಿನ ಕೈ ಕಟ್ಟಿ ಬಂದಿದ್ದಾನೆ. ಅದು ಇನ್ನೂ ಅಳುತ್ತಿದೆಯಂತೆ. ಅಳುತ್ತಿದ್ದರೆ ಕೈ ಇನ್ನೂ ಬದುಕಿದೆ. ಮೋಕದವರೇ, ಅಳು ನಿಲ್ಲುವ ಮೊದಲೇ ಹೋಗಿ ಆ ಕಟ್ಟು ಬಿಚ್ಚಿ.