ಪ್ರಶ್ನೆ ಕೇಳಿ ಸುಮ್ಮನೆ ನಿಂತ ಟೀಚರ್

ಗೆಳೆಯರೇ, ಇಂದು ಊಟದ ಹೊತ್ತಿಗೆ ನನ್ನ ಕಿರಾಣಿ ಅಂಗಡಿಯಲ್ಲಿ ಜಗಳ. ಮಹಾರಾಷ್ಟ್ರದ ಉದಗೀರದ ಮರಾಠಿ ಶಾಲೆಯಲ್ಲಿ ನನ್ನ ಹೆಂಡತಿ ಬಹಳ ವರ್ಷಗಳಿಂದ ಟೀಚರ್. ಶಾಲೆ ಅಂಗಡಿಯ ಎದುರಿಗೇ ಇದೆ. ಟೀಚರುಗಳಿಗೆ ತರಬೇತಿ ಕೊಡಲು ಬಂದಿದ್ದ ನಿಲಂಗಾದ ಹುಡುಗಿ, ನನ್ನವಳ ಬೆಳಗಿನ ಪಾಠದ ವಿಡಿಯೋವನ್ನು ಅವಳಿಗೇ ತೋರಿಸಿದಳು.

“ಟೀಚರ್‌ಬಾಯಿ, ಪ್ರಶ್ನಾನೂ ನೀವೇ ಕೇಳ್ತೀರಿ, ಉತ್ತರಾನೂ ನೀವೇ ಹೇಳ್ತೀರಿ. ಹುಡುಗ್ರು ಯಾವಾಗ ಹೇಳಬೇಕ್ರಿ?”

“ನೀ ಹುಟ್ಟೂಕಿಂತ ಮೊದ್ಲಿಂದ ಕಲಿಸ್ಲಾಕತ್ತೀನಿ!”

“ಅದಕ್ಕೇ ರೀ. ಉತ್ತರ ನಿಮಗ ಬಾಯಿಪಾಠ ಆಗ್ಯಾವ, ಅವ್ರಿಗಲ್ಲ.”

ನಾನು ನಡುವೆ ಬಾಯಿ ಹಾಕಿದೆ: “ನನ್ನ ತಕ್ಕಡಿಗಿ ವರ್ಷಾ ತಪಾಸ್ ಮಾಡ್ಸಿ ಸರ್ಕಾರಿ ಮುದ್ರಿ ಹಾಕಸ್ತೀನಲ್ಲ? ಕೆಟ್ಟದಂತಲ್ಲ, ದಿನಾ ತೂಗ್ತದಂತ.”

“ನಾ ತಕ್ಕಡಿ ಏನ್ರೀ?” ಎಂದು ಎದ್ದು ಹೋದಳು.

ಅವಳ ಎರಡನೇ ತರಗತಿಯಲ್ಲಿ ಕುರಿಗಾರರ ಮಾಳವ್ವ ಇದ್ದಾಳೆ. ಮನೆಮಾತು ಕನ್ನಡ, ಪಾಠ ಮರಾಠಿ. ಬಾಯೇ ಬಿಡುವುದಿಲ್ಲವೆಂದು ಸೋಮವಾರದಿಂದ ಅವಳನ್ನು ಒಂದನೇ ತರಗತಿಯಲ್ಲಿ ಕೂಡಿಸುವುದೆಂದು ನಿರ್ಧಾರವಾಗಿತ್ತು. ಮಧ್ಯಾಹ್ನ ನನ್ನವಳು, ಕುರಿಯಿಂದ ಏನೇನು ಸಿಗುತ್ತದೆಂದು ಕೇಳಿ, ಹಲ್ಲು ಕಚ್ಚಿ ಸುಮ್ಮನೆ ನಿಂತಳಂತೆ. ಮರಾಠಿ ಪ್ರಶ್ನೆ ಮನೆಯ ಕನ್ನಡಕ್ಕೆ ಹೋಗಿ ಮರಳಲು ಹೊತ್ತು ಬೇಕಲ್ಲ! ಕೊನೆಗೆ ಮಾಳವ್ವ ಎದ್ದಳು: ಹಾಲು, ಉಣ್ಣೆ, ಹೊಲದಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸಿದರೆ ಗೊಬ್ಬರ, ಎಲ್ಲವನ್ನೂ ಮರಾಠಿಯಲ್ಲೇ ಹೇಳಿದಳು.

“ಕೂಡವ್ವಾ ಅಂದ್ರೂ ಕೂಡವಲ್ಲಳು. ಆಕಿ ಎರಡನೇ ವರ್ಗದಾಗೇ ಇರ್ಲಿ,” ಎಂದು ಸಂಜೆ ಹೆಂಡತಿ ನಗುತ್ತಾ ಹೇಳಿದಳು.

ಆಮೇಲೆ ನನ್ನನ್ನು ಕೇಳಿದಳು: “ನಾಳಿಗಿ ಏನ್ ಭಾಜಿ ಮಾಡ್ಲಿ?” ಕೇಳಿ, ಮುಖ ನೋಡುತ್ತಾ ಕಾಯುತ್ತಾ ನಿಂತಳು. ಮದುವೆಯಾದಂದಿನಿಂದ ಇದರ ಉತ್ತರವನ್ನೂ ಅವಳೇ ಹೇಳುತ್ತಿದ್ದಳು. ನಾನು ಏನೂ ತಯಾರಿ ಮಾಡಿಕೊಂಡಿರಲಿಲ್ಲ.