ಹೊನ್ನಾಳಿಯಲ್ಲಿ ರೋಮನ್ ಕವಚದ ವಿಚಾರಣೆ

ರೋಮನ್ ಸೈನಿಕರು ಚರ್ಮದ ಕವಚ ತೊಡುತ್ತಿದ್ದರೇ ಎಂಬ ಪ್ರಶ್ನೆಯಿಂದ ನನ್ನ ಗೆಳೆಯನೊಬ್ಬನ ಮದುವೆ ತಪ್ಪಿಹೋಗುವುದರಲ್ಲಿತ್ತು. ಎಪ್ಪತ್ತರ ದಶಕದ ಕೊನೆಯಿರಬೇಕು. ಆ ವಾರದ ದಿನಚರಿಯಲ್ಲಿ ನಾನು ಬರೆದುಕೊಂಡಿರುವುದು ‘ಬಿಸಿಲು ಜೋರು. ಹಾಳೆ ಒಣಗಿತು’ ಎಂದಷ್ಟೇ. ಉಳಿದದ್ದೆಲ್ಲ ನೆನಪು. ನಾನು ನ್ಯಾಯಾಧೀಶನಾಗಿದ್ದರೆ ನನ್ನ ನೆನಪನ್ನು ಕಟಕಟೆ ಹತ್ತಲು ಬಿಡುತ್ತಿರಲಿಲ್ಲ.

ಆಗ ನಾನು ಚನ್ನಗಿರಿಯ ಕಾಲೇಜಿನಲ್ಲಿ ಇತಿಹಾಸದ ತಾತ್ಕಾಲಿಕ ಅಧ್ಯಾಪಕ. ಒಂದೇ ಬಾಡಿಗೆ ಮನೆಯಲ್ಲಿ ಮೂವರಿದ್ದೆವು: ನಾನು, ಜಗಳೂರಿನ ಕನ್ನಡ ಮೇಷ್ಟ್ರು, ನ್ಯಾಮತಿಯ ಡ್ರಿಲ್ ಮೇಷ್ಟ್ರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಜಗಳೂರಿನವನು ರೋಮ್ ಕುರಿತು ನಾಟಕ ಬರೆದ. ಅವನಿಗೆ ರೋಮ್ ಎಷ್ಟು ಗೊತ್ತಿತ್ತೆಂದರೆ ಮೊದಲ ಅಂಕದಲ್ಲೇ ಸೇನಾಪತಿ ಖಾರಮಂಡಕ್ಕಿ ತಿನ್ನುತ್ತಿದ್ದ. ಸೇನಾಪತಿಯ ಪಾತ್ರ ನ್ಯಾಮತಿಯವನದು. ಮೂವರಲ್ಲಿ ಎದೆ ಎನ್ನಬಹುದಾದದ್ದು ಇದ್ದದ್ದು ಅವನಿಗೊಬ್ಬನಿಗೇ.

“ಕವಚ ತೊಗಲಿಂದೇ ಆಗ್ಬೇಕು. ಟೂರಿಂಗ್ ಟಾಕೀಸಿನಾಗೆ ಕಣ್ಣಾರೆ ನೋಡೀನಿ,” ಎಂದ ಜಗಳೂರಿನವನು.

ನನಗೆ ಪಾಂಡಿತ್ಯ ಉಕ್ಕಿತು. ಮಣ್ಣಿನಲ್ಲಿ ಸಿಕ್ಕಿರುವುದು ಕಬ್ಬಿಣದ ಪಟ್ಟಿಗಳು, ಉಂಗುರ ಹೆಣೆದ ಅಂಗಿಗಳು, ಮೀನಿನ ಹುರುಪೆಯಂಥ ಕಂಚಿನ ಬಿಲ್ಲೆಗಳು ಎಂದೆ. ಚರ್ಮವೂ ಸಿಕ್ಕಿದೆ, ಆದರೆ ಬೂಟು, ಡೇರೆ, ಗುರಾಣಿಯ ಗವಸಾಗಿ. ಕಲ್ಲಿನ ಕೆತ್ತನೆಗಳಲ್ಲಿ ಕವಚ ಮೈಗಂಟಿದ ತೊಗಲಿನಂತೆ ನುಣುಪಾಗಿ ಕಾಣುತ್ತದೆ, ನಿಜ. ಆದರೆ ಉಂಗುರಗಳನ್ನು ಶಿಲ್ಪಿ ಬಣ್ಣದಲ್ಲಿ ಬರೆದು, ಬಣ್ಣ ಅಳಿಸಿಹೋಗಿರಬಹುದಲ್ಲ? ಕವಚಕ್ಕಿದ್ದ ಅವರ ಪದ ಚರ್ಮದ ಪಟ್ಟಿಯ ಪದದಿಂದಲೇ ಬಂದದ್ದೆಂದು ಅವರ ಕಾಲದವನೊಬ್ಬ ಬರೆದಿದ್ದಾನೆ, ಅದೂ ನಿಜ. ಈಜಿಪ್ಟಿನಲ್ಲಂತೂ ಮೊಸಳೆ ಚರ್ಮದ ಕವಚವೊಂದು ಸಿಕ್ಕಿದೆ. ಅದು ಯುದ್ಧಕ್ಕೋ ಪೂಜೆಗೋ ಯಾರಿಗೂ ತಿಳಿಯದು.

“ಮೊಸಳೆ ಬೇಕಾದ್ರೆ ನಮ್ ಹೊಳ್ಯಾಗೆ ಐತೆ,” ಎಂದ ನ್ಯಾಮತಿಯವನು. “ನೀನು ಹೋಗಿ ಕೇಳ್ಕೊಂಡ್ ಬಾ, ಕೊಟ್ರೆ ಹಾಕ್ಕಂತೀನಿ.”

ಕೊನೆಗೆ ನಮಗೆ ದಕ್ಕಿದ್ದು ನಲ್ಲೂರಿನ ತೋಟದಲ್ಲಿ ಉದುರಿದ, ಅಡಿಕೆ ಸೋಗೆಯ ಬುಡದ ಅಗಲ ಹಾಳೆ. ನೆನೆಸಿದರೆ ಹೇಳಿದ ಹಾಗೆ ಬಗ್ಗುತ್ತದೆ. ಕೆಮ್ಮಣ್ಣು, ಹರಳೆಣ್ಣೆ ತಿಕ್ಕಿದೆವು. ಮೈಮೇಲೇ ಒಣಗಿದರೆ ಅಳತೆ ಕರಾರುವಾಕ್ಕಾಗುತ್ತದೆ ಎಂದು ಹಸಿಯಾಗಿದ್ದಾಗಲೇ ಅವನ ಎದೆಗೆ ಬಿಗಿದು ಬೆನ್ನ ಹಿಂದೆ ಹುರಿಯಿಂದ ಕಟ್ಟಿದೆವು. ಒಣಗುವ ಹಾಳೆ ಮುರುಟಿಕೊಳ್ಳುತ್ತದೆ ಎಂಬುದು ಚನ್ನಗಿರಿಯಲ್ಲಿ ಕರುವಿಗೂ ಗೊತ್ತು. ನಮಗೂ ಗೊತ್ತಿತ್ತು, ಆದರೆ ಅದು ರೋಮಿಗೆ ಅನ್ವಯಿಸುತ್ತದೆಂದು ಹೊಳೆಯಲಿಲ್ಲ.

ನಾಟಕದ ದಿನ ಸಭಿಕರಲ್ಲಿ ಹೊನ್ನಾಳಿಯ ಅಡಿಕೆ ವ್ಯಾಪಾರಿಯೊಬ್ಬರಿದ್ದರು. ಅವರ ಮಗಳಿಗೂ ನ್ಯಾಮತಿಯವನಿಗೂ ಮಾತುಕತೆ ಮುಗಿದು ನಿಶ್ಚಯವೊಂದೇ ಬಾಕಿ. ಹುಡುಗಿಯನ್ನು ಒಂದೇ ಸಲ ನೋಡಿದ್ದ ಅವನು ಅಂದಿನಿಂದ ಹಾಸಿಗೆಯಲ್ಲೂ ತಲೆ ಬಾಚಿಕೊಂಡೇ ಮಲಗುತ್ತಿದ್ದ. ಭಾವಿ ಮಾವ ಬಂದಿದ್ದಾರೆಂದು ತಿಳಿದು ಎದೆ ಇನ್ನಷ್ಟು ಉಬ್ಬಿಸಿದ.

ರಂಗಕ್ಕೆ ಸಂಜೆ ಬಿಸಿಲು ನೇರವಾಗಿ ಹೊಡೆಯುತ್ತಿತ್ತು. ಪರದೆ ಏಳುವ ಮುನ್ನ ಮೈಕಿನಲ್ಲಿ, ‘ರೋಮನ್ನರ ಚರ್ಮದ ಕವಚಕ್ಕೆ ಖಚಿತ ಸಾಕ್ಷ್ಯವಿಲ್ಲ’ ಎಂದು ನಾನು ಘೋಷಿಸಿದೆ. ಮೂರನೇ ಅಂಕದ ಹೊತ್ತಿಗೆ ಹಾಳೆ ಸೇನಾಪತಿಯನ್ನು ಅಪ್ಪಿ ಹಿಡಿದಿತ್ತು. ನೆಲಕ್ಕೆ ಬಿದ್ದು ಸಾಯಬೇಕಾದವನು ಕಂಬಕ್ಕೊರಗಿ ನಿಂತೇ ಸತ್ತ. ಭಾರೀ ಚಪ್ಪಾಳೆ. ಆಮೇಲೆ ಭಾವಿ ಮಾವ ಎದುರಿಗೆ ಬಂದಾಗ ಕಾಲು ಮುಟ್ಟಲು ಹೋಗಿ, ಹಲಗೆಯಂತೆ ಒಂದಿಷ್ಟು ವಾಲಿ, ಮತ್ತೆ ನೆಟ್ಟಗಾದ.

ನಾಲ್ಕು ದಿನದಲ್ಲಿ ಮಧ್ಯಸ್ಥರ ಬಾಯಿಂದ ಸುದ್ದಿ ಬಂತು. “ಯಜಮಾನ್ರು ಒಲ್ಲೆ ಅಂತಾರ್ರೀ. ಲಿಂಗ ಕಟ್ಟೋ ಎದೆ ಮ್ಯಾಲೆ ತೊಗಲು ಹೊದ್ದಾನೆ. ಮ್ಯಾಲೆ ಹಿರೇರಿಗೆ ಬಗ್ಗಾಕೂ ಬರಲ್ಲ.”

ನ್ಯಾಮತಿಯವನು ಊಟ ಬಿಟ್ಟ. ಡ್ರಿಲ್ ಮೇಷ್ಟ್ರು ಊಟ ಬಿಡುವುದೆಂದರೆ ಸಣ್ಣ ಮಾತಲ್ಲ. “ಇತಿಹಾಸ ಓದೀಯಲ್ಲ, ತೊಗಲಲ್ಲ ಅಂತ ಸಾಬೀತು ಮಾಡು. ಇಲ್ಲಾಂದ್ರೆ ಬಾಡಿಗೆ ನೀವಿಬ್ರೇ ಕಟ್ಟಿ,” ಎಂದ.

ಸಾಕ್ಷ್ಯ ಹುಡುಕಿದೆ. ಮೂಲ ಕವಚ ಬಚ್ಚಲ ಒಲೆಯಲ್ಲಿ ನೀರು ಕಾಯಿಸಿ ಬೂದಿಯಾಗಿತ್ತು. ಸ್ಟುಡಿಯೋದವರು ತೆಗೆದ ಕಪ್ಪು ಬಿಳುಪು ಫೋಟೋದಲ್ಲಿ ಅದು ಅಪ್ಪಟ ಚರ್ಮ. ಕಂಡವರನ್ನು ಕೇಳಿದರೆ ಎಲ್ಲರೂ ಚರ್ಮ ಎಂದರು. ಒಬ್ಬನಿಗೆ ವಾಸನೆ ಕೂಡ ಬಂದಿತ್ತಂತೆ. “ನೀವೇ ಮೈಕಿನಾಗೆ ಚರ್ಮದ ಕವಚ ಅಂದ್ರಲ್ರೀ,” ಎಂದು ಪ್ರಿನ್ಸಿಪಾಲರು ನನ್ನನ್ನೇ ಉದ್ಧರಿಸಿದರು. ನನ್ನ ವಾಕ್ಯದ ಕೊನೆಯ ತುಣುಕು ರೋಮನ್ ಶಿಲ್ಪದ ಬಣ್ಣದಂತೆ ಉದುರಿಹೋಗಿತ್ತು.

ಉಳಿದದ್ದು ಒಂದೇ ದಾರಿ. ಹೊಸ ಹಾಳೆ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮೂವರೂ ಬಸ್ಸು ಹತ್ತಿದೆವು. ಕಂಡಕ್ಟರು ಗೋಣಿಯಿಂದ ತೊಟ್ಟಿಕ್ಕುವ ನೀರು ನೋಡಿ, “ಏನ್ರೀ ಮೇಷ್ಟ್ರೆ, ಮೀನಾ?” ಎಂದ. “ರೋಮನ್ ಸೇನಾಪತಿ,” ಎಂದ ಜಗಳೂರಿನವನು.

ಹೊನ್ನಾಳಿಯಲ್ಲಿ ಯಜಮಾನರು ತಣ್ಣಗೆ ಬರಮಾಡಿಕೊಂಡರು. ನಾನು ಶಿಲ್ಪ, ಬಣ್ಣ, ಪದಮೂಲ, ಒಣಗಿದ ಹಾಳೆ ಬಗ್ಗಗೊಡದ ಕಥೆ ಎಲ್ಲವನ್ನೂ ವಿವರಿಸಿದೆ. ಅವರು ಹಾಳೆ ಮುಟ್ಟಿ ನೋಡಿದರು.

“ನಲವತ್ತು ವರ್ಷದಿಂದ ಅಡಿಕೆ ಯಾಪಾರ ಮಾಡ್ತಾ ಇದೀನಿ. ಹಾಳೆ ನನಗೆ ಗೊತ್ತಿಲ್ವಾ? ಅವತ್ತು ನೋಡಿದ್ದು ಇದಲ್ಲ.”

“ಹಂಗಾದ್ರೆ ಇವರ ಮೈಮ್ಯಾಲೆ ಕಟ್ಟಿ ತೋರಿಸ್ತೀವಿ,” ಎಂದೆ.

“ಇವರದ್ಯಾಕೆ? ನಾಟಕದೋರು ನೀವು, ಬಗ್ಗಾಕ್ ಬಂದ್ರೂ ಬರಲ್ಲ ಅಂತೀರಿ. ನನ್ ಮೈಮ್ಯಾಲೇ ಕಟ್ರಿ.”

ಕಟ್ಟಿದೆವು. ಕೆಮ್ಮಣ್ಣು ತಿಕ್ಕಿದೆವು. ಅವರು ತಾರಸಿಯ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಅಡಿಕೆ ಧಾರಣೆಯ ಮಾತು ತೆಗೆದರು. ಊಟದ ಕರೆ ಬರುವಷ್ಟರಲ್ಲಿ ಮಾತು ಚಿಕ್ಕದಾಗತೊಡಗಿತು. ಏಳಲು ಹೋದರು, ಮುರುಟಿದ ಹಾಳೆಯ ಅಂಚಿಗೆ ಸಿಕ್ಕ ಕುರ್ಚಿಯೂ ಜೊತೆಗೆ ಎದ್ದಿತು. ಕಾಲಬಳಿ ಇಟ್ಟ ನೀರಿನ ಚೊಂಬಿಗೆ ಕೈ ಚಾಚಿದರು. ಚೊಂಬು ಅಲ್ಲೇ ಇತ್ತು, ಕೈಯೂ ಇತ್ತು, ನಡುವಿನ ದೂರ ಮಾತ್ರ ಕಡಿಮೆಯಾಗಲಿಲ್ಲ.

ಅಷ್ಟು ಹೊತ್ತು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಮಗಳು ಮುಂದೆ ಬಂದಳು. “ಅಪ್ಪಾಜಿ, ಹಿರೇರಿಗೆ ಬಗ್ಗಲ್ಲ ಅಂತಿದ್ರಲ್ಲ. ಈಗ ನೀವು ಆ ಚೊಂಬಿಗಾದ್ರೂ ಬಗ್ರಿ ನೋಡಾನ.”

“ಸುಮ್ಕಿರೇ. ಹಾಳೆ ಅಂತ ಒಪ್ಪಿದೆ, ಸಾಕಾ?”

“ಹಾಳೇನೋ ತೊಗಲೋ. ತೊಗಲೇ ಆಗಿದ್ರೆ ಏನಾಗ್ತಿತ್ತು? ಭಜನೇಲಿ ದಿನಾ ತೊಡೆ ಮ್ಯಾಲೆ ಇಟ್ಕಂಡು ಬಡೀತೀರಲ್ಲ ತಬಲಾ, ಅದಕ್ಕೇನು ಬಾಳೆಎಲೆ ಹೊದಿಸ್ಯಾರಾ?”

ನಮ್ಮ ಮೂವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಚರ್ಮವಲ್ಲ ಎಂದು ಸಾಧಿಸಲು ಅಷ್ಟು ಬೆವರಿದ್ದೆವು. ಯಜಮಾನರು ಮಗಳನ್ನು ನೋಡಿದರು, ಸೇನಾಪತಿಯನ್ನು ನೋಡಿದರು.

“ನಿಶ್ಚಯಕ್ಕೆ ದಿನ ನೋಡಿಸ್ತೀನಿ. ಮೊದ್ಲು ಹುರಿ ಬಿಚ್ರಪ್ಪಾ, ಉಸಿರು ಕಟ್ತೈತೆ!”

ನ್ಯಾಮತಿಯವನು ಹುರಿ ಬಿಚ್ಚುವ ಮೊದಲು ಅವರ ಕಾಲಿಗೆ ಬಗ್ಗಿದ. ಬೇಕೆಂದೇ ಬಹಳ ಹೊತ್ತು ಬಗ್ಗಿದ್ದ.

ಈಗ ಅವನನ್ನು ಕೇಳಿದರೆ ಹೊನ್ನಾಳಿಯಲ್ಲಿ ಕವಚ ತೊಟ್ಟದ್ದು ತಾನೇ ಎನ್ನುತ್ತಾನೆ. ಅವನ ಹೆಂಡತಿ, ಇಲ್ಲ, ಅದು ನಮ್ಮಪ್ಪ ಎನ್ನುತ್ತಾರೆ. ನಾಟಕದ ಆ ಫೋಟೋ ಅವರ ಮನೆಯ ಗೋಡೆಯ ಮೇಲಿದೆ. ಕಳೆದ ಸಲ ಹೋದಾಗ ಅದರ ಮುಂದೆ ನಿಂತೆ. ನೆನೆಸಿದವನು ನಾನು, ಕಟ್ಟಿದವನು ನಾನು. ಆದರೂ ಮೂಗು ಹತ್ತಿರ ತಂದಾಗ ಚರ್ಮದ ವಾಸನೆ ಬಂದಂತಾಯಿತು.